ಯಾರೂ ಕೇಳದಿರುವಾಗ ಹಾಡುವ ಹಕ್ಕಿ

(ದಾವಣಗೆರೆಯಲ್ಲಿ ನಡೆದ ನಮ್ಮ ಟ್ರಸ್ಟ್‌ನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಅತಿಥಿಯಾಗಿ ಬಂದಿದ್ದ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿಯೊಬ್ಬರ ಭಾಷಣದ ಬರಹರೂಪ. ಪೋಷಕರ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಿದ್ದೇವೆ.)





ಕಾರ್ಯದರ್ಶಿಯವರು ನನ್ನನ್ನು ಕರೆಯಲು ಬಂದಾಗ, "ಮಕ್ಕಳಿಗೆ ಹುರುಪು ತುಂಬುವ ನಾಲ್ಕು ಮಾತು ಹೇಳಿ ಮೇಡಂ" ಅಂದರು. ಹುರುಪು ತುಂಬುವ ಭಾಷಣ ನನಗೆ ಬರುವುದಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಹುರುಪು ಎಂಬುದು ತಲೆಯೊಳಗೆ ಎಲ್ಲಿ ಹುಟ್ಟುತ್ತದೆ, ಹೇಗೆ ಬಾಡುತ್ತದೆ ಎಂಬುದನ್ನು ಬೇಕಾದರೆ ಸ್ವಲ್ಪ ಹೇಳಬಲ್ಲೆ. ಅದಕ್ಕೆ ಒಂದು ಹಕ್ಕಿಯ ಕಥೆ ಹೇಳಬೇಕು.

ಹಕ್ಕಿಯಿಂದ ಮನುಷ್ಯ ಕಲಿಯುವುದು ನಮಗೆ ಹೊಸ ಮಾತಲ್ಲ. ತಮ್ಮನ ಶವವನ್ನು ಏನು ಮಾಡಬೇಕೆಂದು ತಿಳಿಯದೆ ಕಾಬೀಲ್ ನಿಂತಿದ್ದಾಗ ಮಣ್ಣು ಕೆದರಿ ತೋರಿಸಿದ್ದು ಒಂದು ಕಾಗೆ ಎಂಬುದನ್ನು ಇಲ್ಲಿರುವ ಮಕ್ಕಳು ಮದ್ರಸಾದಲ್ಲೇ ಕೇಳಿದ್ದೀರಿ. ನಾನು ಹೇಳುವ ಹಕ್ಕಿ ಕಾಗೆಗಿಂತ ತುಂಬಾ ಚಿಕ್ಕದು. ಹೆಸರು ಜೀಬ್ರಾ ಫಿಂಚ್. ಆಸ್ಟ್ರೇಲಿಯಾದ ಹಕ್ಕಿ. ಸಾಕುಹಕ್ಕಿ ಮಾರುವ ಅಂಗಡಿಗಳಲ್ಲಿ ಕೆಂಪು ಕೊಕ್ಕಿನ, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಮಚ್ಚೆ ಇರುವ ಪುಟ್ಟ ಹಕ್ಕಿಯನ್ನು ನೋಡಿದ್ದರೆ ಅದೇ ಇದು. ಭದ್ರಾ ನಾಲೆಯ ನೀರುಣ್ಣುವ ನಮ್ಮ ಭತ್ತದ ಗದ್ದೆಗಳಿಗೆ ಗುಂಪಾಗಿ ಇಳಿಯುವ ರಾಟವಾಳ ಹಕ್ಕಿಯ ಬಳಗಕ್ಕೆ ಸೇರಿದ್ದು. ಮಕ್ಕಳೇ, ನಮ್ಮ ಗದ್ದೆಯ ರಾಟವಾಳವನ್ನು ಮಾತ್ರ ಹಿಡಿದು ಪಂಜರಕ್ಕೆ ಹಾಕಬೇಡಿ, ಕಾನೂನು ಅದನ್ನು ಒಪ್ಪುವುದಿಲ್ಲ.

ಈ ಹಕ್ಕಿಯ ಮಿದುಳು ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಆದರೂ ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ಅದನ್ನು ಹತ್ತಾರು ವರ್ಷಗಳಿಂದ ನೋಡುತ್ತಾ ಕೂತಿವೆ. ಕಾರಣ ಇಷ್ಟೇ. ನಾಯಿ ಬೊಗಳುವುದನ್ನು ಕಲಿಯಬೇಕಿಲ್ಲ, ಹಸು ಅಂಬಾ ಅನ್ನುವುದನ್ನು ಕಲಿಯಬೇಕಿಲ್ಲ. ಮನುಷ್ಯನ ಮಗು ಮಾತು ಕಲಿಯಬೇಕು. ಜೀಬ್ರಾ ಫಿಂಚ್‌ನ ಗಂಡುಮರಿ ಹಾಡು ಕಲಿಯಬೇಕು, ಅದೂ ಹಿರಿಯ ಹಕ್ಕಿಯಿಂದ ಕೇಳಿಯೇ ಕಲಿಯಬೇಕು. ಹಿರಿಯರ ಹಾಡು ಕಿವಿಗೆ ಬೀಳದೆ ಬೆಳೆದ ಮರಿ ಮುಂದೆ ಏನೋ ಒಂದು ಅಡ್ಡಾದಿಡ್ಡಿ ಸದ್ದು ಮಾಡುತ್ತದೆ, ಅದು ಹಾಡಾಗುವುದಿಲ್ಲ. ಹಕ್ಕಿಮರಿ ಹಾಡು ಕಲಿಯುವುದಕ್ಕೂ ಕೂಸು ತೊದಲುವುದಕ್ಕೂ ಇರುವ ಹೋಲಿಕೆಯನ್ನು ಡಾರ್ವಿನ್ 1871ರಲ್ಲೇ ಬರೆದಿದ್ದಾರೆ.

ಮರಿ ಕಲಿಯುವುದು ಹೇಗೆ? ಮೊದಲು ಕೇಳುತ್ತದೆ. ಆಮೇಲೆ ತೊದಲುತ್ತದೆ. ಒಂದು ಸಲ ಹಾಡಿದ ಹಾಗೆ ಇನ್ನೊಂದು ಸಲ ಹಾಡುವುದಿಲ್ಲ. ಸಾವಿರಾರು ಸಲ ತಪ್ಪುತ್ತಾ ತಿದ್ದುತ್ತಾ ಸುಮಾರು ಮೂರು ತಿಂಗಳ ವಯಸ್ಸಿಗೆ ಅದರ ಹಾಡು ಗಟ್ಟಿಯಾಗುತ್ತದೆ.

ಕೇಳಿದ್ದಷ್ಟೇ ಸಾಕೇ? ಸಾಲದು. ಮಾಸಕಾಜು ಕೊನಿಶಿ ಎಂಬ ಜಪಾನಿ ಮೂಲದ ವಿಜ್ಞಾನಿ ಬೇರೊಂದು ಜಾತಿಯ ಗುಬ್ಬಿಯ ಮೇಲೆ ನಡೆಸಿದ ಅಧ್ಯಯನವನ್ನು 1965ರಲ್ಲಿ ಪ್ರಕಟಿಸಿದರು. ಹಿರಿಯ ಹಕ್ಕಿಯ ಹಾಡನ್ನು ಚೆನ್ನಾಗಿ ಕೇಳಿದ್ದ ಮರಿಗಳು, ಸ್ವತಃ ಹಾಡಲು ಶುರುಮಾಡುವ ಮೊದಲು ಕಿವುಡಾದರೆ ಏನಾಗುತ್ತದೆ? ಅವು ಸರಿಯಾದ ಹಾಡನ್ನು ಕಲಿಯಲೇ ಇಲ್ಲ. ಗುರುವಿನ ದನಿ ಕೇಳಿದರಷ್ಟೇ ಸಾಲದು, ತನ್ನ ದನಿ ತನಗೆ ಕೇಳಬೇಕು. ತನ್ನ ತಪ್ಪು ತನ್ನ ಕಿವಿಗೆ ಬೀಳಬೇಕು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಈ ಹಕ್ಕಿಯ ಮಿದುಳಿನ ಮುಂಭಾಗದಲ್ಲಿ ನರಕೋಶಗಳ ಒಂದು ಸಣ್ಣ ಗುಂಪು ಇದೆ. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಮೈಕೇಲ್ ಫೀ ಅವರ ತಂಡ ಮರಿಹಕ್ಕಿಗಳಲ್ಲಿ ಆ ಗುಂಪನ್ನು ಸ್ವಲ್ಪ ಹೊತ್ತು ಮಲಗಿಸಿ ನೋಡಿತು. 2005ರಲ್ಲಿ ಪ್ರಕಟವಾದ ಕೆಲಸ. ತೊದಲುತ್ತಿದ್ದ ಮರಿ ಥಟ್ಟನೆ ಪ್ರತಿ ಸಲವೂ ಒಂದೇ ರೀತಿ ಹಾಡತೊಡಗಿತು. ಅಂದರೆ ಹಾಡನ್ನು ಅತ್ತಿತ್ತ ಅಲುಗಾಡಿಸಿ ನೋಡುವುದೇ ಆ ಗುಂಪಿನ ಕೆಲಸವಾಗಿತ್ತು. ಎಳೆಯ ವಯಸ್ಸಿನಲ್ಲೇ ಆ ಭಾಗ ಕಳೆದುಕೊಂಡ ಹಕ್ಕಿಯ ಹಾಡು ಪೂರ್ತಿ ಬೆಳೆಯುವುದಿಲ್ಲ. ಅರ್ಧ ಗ್ರಾಂ ತೂಗದ ಮಿದುಳಿನಲ್ಲಿ ಜಾಗಕ್ಕೆ ಎಷ್ಟು ಬೆಲೆ ಇರಬೇಕು ಯೋಚಿಸಿ. ಅಂಥದ್ದರಲ್ಲೂ ತಡವರಿಸುವುದಕ್ಕೆಂದೇ ಒಂದು ಜಾಗ ಮೀಸಲಿದೆ.

ಈಗ ಹುರುಪಿನ ವಿಷಯಕ್ಕೆ ಬರುತ್ತೇನೆ. ಮರಿಗೆ ಹಾಡಿದ್ದಕ್ಕೆ ಯಾರೂ ಕಾಳು ಹಾಕುವುದಿಲ್ಲ, ತಪ್ಪಿದ್ದಕ್ಕೆ ಯಾರೂ ಹೊಡೆಯುವುದಿಲ್ಲ. ಹಾಗಿದ್ದರೆ ದಿನವಿಡೀ ಅಭ್ಯಾಸ ಮಾಡುವಂತೆ ಅದನ್ನು ನೂಕುವುದು ಯಾವುದು?

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಹುಡುಕಿದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಓದಿದವರು. ಹೆಸರು ವಿಕ್ರಮ್ ಗದಗ್‌ಕರ್. ಮಕ್ಕಳೇ, ಒಂದು ಸಂಗತಿ ಗಮನಿಸಿ. ಅವರು ಕಲಿತದ್ದು ಜೀವಶಾಸ್ತ್ರವಲ್ಲ, ಭೌತಶಾಸ್ತ್ರ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅತಿ ಶೀತದಲ್ಲಿ ಗಟ್ಟಿಯಾದ ಹೀಲಿಯಂ ಬಗ್ಗೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಅಷ್ಟಾದ ಮೇಲೆ, ಅದೇ ವಿಶ್ವವಿದ್ಯಾಲಯದ ಜೆಸ್ಸಿ ಗೋಲ್ಡ್‌ಬರ್ಗ್ ಅವರ ಪ್ರಯೋಗಾಲಯ ಸೇರಿ, ಹಕ್ಕಿಯ ಮಿದುಳಿನ ಕೆಲಸವನ್ನು ಹೊಸದಾಗಿ ಹಿಡಿದರು. ಈಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದಾರೆ. ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಂಡೆವೋ ಅಲ್ಲಿಗೆ ಬದುಕು ಮುಗಿಯಿತು ಅಂದುಕೊಳ್ಳುವವರಿಗೆ ಈ ಮಾತು.

2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅವರ ಪ್ರಯೋಗ ಹೀಗಿತ್ತು. ಹಕ್ಕಿ ಒಂಟಿಯಾಗಿ ಹಾಡುತ್ತಿರುತ್ತದೆ. ಹಾಡಿನ ಒಂದು ನಿರ್ದಿಷ್ಟ ತುಣುಕು ಬಂದಾಗ, ಕೆಲವು ಸಲ ಮಾತ್ರ, ಕಂಪ್ಯೂಟರ್ ಆ ಕ್ಷಣದಲ್ಲೇ ಒಂದು ಸದ್ದು ಸೇರಿಸಿ ಅದನ್ನು ಕೆಡಿಸುತ್ತದೆ. ಹಕ್ಕಿಯ ಕಿವಿಗೆ ತಾನೇ ತಪ್ಪಿ ಹಾಡಿದಂತೆ ಕೇಳಿಸುತ್ತದೆ. ಅದೇ ಹೊತ್ತಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುವ ನರಕೋಶಗಳು ಏನು ಮಾಡುತ್ತವೆ ಎಂದು ಅಳೆದರು. ಹಾಡು ಕೆಟ್ಟಂತೆ ಕೇಳಿದಾಗ ಆ ನರಕೋಶಗಳು ಸುಮ್ಮನಾದವು. ಕೆಡಬಹುದಾಗಿದ್ದ ಜಾಗದಲ್ಲಿ ಕೆಡದೆ ಸರಿಯಾಗಿ ಬಂದಾಗ ಚುರುಕಾಗಿ ಮಿಡಿದವು. ಹಕ್ಕಿ ಹಾಡದೆ ಸುಮ್ಮನೆ ಕೂತಿದ್ದಾಗ ಅದೇ ಸದ್ದುಗಳನ್ನು ಕೇಳಿಸಿದರೆ ಅವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಇದರಲ್ಲಿ ಎರಡು ಮಾತು ನಾವು ನೆನಪಿಡಬೇಕು. ಒಂದು, ಕಾಳು ಬಹುಮಾನ ಯಾವುದೂ ಇಲ್ಲದೆ, ಹಕ್ಕಿ ತನ್ನ ಕೆಲಸವನ್ನು ತಾನೇ ತೂಗಿ ನೋಡುತ್ತದೆ. ಬಾಯಾರಿದ ಕೋತಿಗೆ ಎಣಿಸಿರದ ಹಣ್ಣಿನ ರಸ ಸಿಕ್ಕಾಗ ಡೋಪಮೈನ್ ಮಿಡಿಯುತ್ತದೆ, ಎಣಿಸಿದ್ದು ತಪ್ಪಿದಾಗ ಕುಗ್ಗುತ್ತದೆ ಎಂಬುದು 1990ರ ದಶಕದಲ್ಲೇ ಗೊತ್ತಾಗಿತ್ತು. ಹಕ್ಕಿ ತೋರಿಸಿದ್ದು, ಅದೇ ವ್ಯವಸ್ಥೆ ಕಲಿಕೆಯ ಒಳಗಿನ ಲೆಕ್ಕಕ್ಕೂ ಬಳಕೆಯಾಗುತ್ತದೆ ಎಂಬುದನ್ನು. ಎರಡನೆಯದು ಇನ್ನೂ ಮುಖ್ಯ. ಆ ತಕ್ಕಡಿಯಲ್ಲಿ ಬೇರೆ ಹಕ್ಕಿಯ ಹಾಡಿಲ್ಲ. ತನ್ನಿಂದ ತಾನು ಏನು ನಿರೀಕ್ಷಿಸಿತ್ತೋ ಅದಕ್ಕಿಂತ ಚೆನ್ನಾಗಿ ಬಂತೋ ಇಲ್ಲವೋ, ಅಷ್ಟೇ ಲೆಕ್ಕ.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಸೌಮ್ಯಾ ಅಯ್ಯಂಗಾರ್ ಅವರ ತಂಡ, ಮಿದುಳು ತಾನೇ ತಯಾರಿಸಿಕೊಳ್ಳುವ ಹಿತದ ರಾಸಾಯನಿಕಗಳನ್ನು ತಡೆದರೆ ಹಕ್ಕಿ ಹಾಡುವುದೇ ಕಡಿಮೆಯಾಗುತ್ತದೆ ಎಂದು ತೋರಿಸಿತು. ಪುಣೆಯ ಐಸರ್ ಸಂಸ್ಥೆಯ ರಾಘವ್ ರಾಜನ್ ಅವರು ಹಾಡಿಗೆ ಮುಂಚೆ ಹಕ್ಕಿ ತೆಗೆಯುವ ಸಣ್ಣ ಸಣ್ಣ ಸ್ವರಗಳನ್ನು ಅಭ್ಯಾಸ ಮಾಡಿ, ಅವು ಹಾಡಿಗೆ ಮಾಡಿಕೊಳ್ಳುವ ಸಿದ್ಧತೆ ಇರಬೇಕು ಎನ್ನುತ್ತಾರೆ. ಇವನ್ನು ಯಾಕೆ ಹೇಳಿದೆ ಅಂದರೆ, ಇಂಥ ಸಂಸ್ಥೆಗಳ ಬಾಗಿಲು ನಮ್ಮ ಬಾಷಾ ನಗರದ, ಆಜಾದ್ ನಗರದ ಮಕ್ಕಳಿಗೂ ತೆರೆದಿದೆ ಎಂದು ಗೊತ್ತಿರಲಿ.

ಇನ್ನೊಂದೇ ಪ್ರಯೋಗ ಹೇಳಿ ಹಕ್ಕಿಯ ಕಥೆ ಮುಗಿಸುತ್ತೇನೆ. ಗಂಡು ಫಿಂಚ್ ಎರಡು ಸಂದರ್ಭದಲ್ಲಿ ಹಾಡುತ್ತದೆ. ಒಂಟಿಯಾಗಿದ್ದಾಗ ತನ್ನಷ್ಟಕ್ಕೆ, ಹೆಣ್ಣುಹಕ್ಕಿ ಎದುರಿಗಿದ್ದಾಗ ಅದಕ್ಕಾಗಿ. ಗೋಲ್ಡ್‌ಬರ್ಗ್ ತಂಡದ ಇನ್ನೊಂದು ಅಧ್ಯಯನ, ಗದಗ್‌ಕರ್ ಕೂಡ ಸೇರಿದ್ದು, 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಒಂಟಿಯಾಗಿದ್ದಾಗ ತಪ್ಪು ಒಪ್ಪುಗಳನ್ನು ಅಷ್ಟು ಸೂಕ್ಷ್ಮವಾಗಿ ತೂಗುತ್ತಿದ್ದ ಆ ಡೋಪಮೈನ್ ವ್ಯವಸ್ಥೆ, ಎದುರಿಗೆ ಹೆಣ್ಣುಹಕ್ಕಿ ಬಂದ ಕೂಡಲೇ ತೂಗುವುದನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟಿತು. ಅದರ ಬದಲು, ಎದುರಿನ ಹಕ್ಕಿ ಕೊಡುವ ದನಿಗೆ ಮಿಡಿಯತೊಡಗಿತು. ಎದುರಿಗೆ ಕೇಳುವವರಿದ್ದಾಗ ಕಿವಿ ಅವರ ಮೇಲಿರುತ್ತದೆ. ತನ್ನ ತಪ್ಪು ತಿದ್ದಿಕೊಳ್ಳುವ ಕೆಲಸ ಒಂಟಿಯಾಗಿದ್ದಾಗಿನದು.

ಇದನ್ನು ಓದಿದ ದಿನ ನನಗೆ ಎರಡು ನೆನಪು ಬಂದವು. ಒಂದು ಸಿಹಿ, ಒಂದು ಕಹಿ.

ನಾನು ಹರಿಹರದವಳು. ಅಬ್ಬಾ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಪಿಯುಸಿಗೆ ದಾವಣಗೆರೆಯ ಮಾಮು ಮನೆಗೆ ಬಂದಾಗ ವಿಜ್ಞಾನವೆಲ್ಲ ಇಂಗ್ಲಿಷ್. ಪುಸ್ತಕ ತೆರೆದರೆ ಅಕ್ಷರ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮನೆಯಲ್ಲಿ ಗಟ್ಟಿಯಾಗಿ ಓದಿದರೆ ಮಾಮುವಿನ ಮಕ್ಕಳು ನಗುತ್ತಿದ್ದರು. ಮನೆಯ ಹಿಂದೆ ಮಂಡಕ್ಕಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು, ಜರಡಿಯ ಸದ್ದು, ಒಲೆಯ ಭೋರ್ಗರೆತ. ನಾನು ಭಟ್ಟಿಯ ಗೋಡೆಗೆ ಒರಗಿ ಕೂತು ಕೂಗಿ ಕೂಗಿ ಇಂಗ್ಲಿಷ್ ಓದುತ್ತಿದ್ದೆ. ನನ್ನ ದನಿ ನನಗೆ ಬಿಟ್ಟು ಇನ್ನಾರಿಗೂ ಕೇಳುತ್ತಿರಲಿಲ್ಲ. ಒಂದು ಪದವನ್ನು ಹತ್ತು ರೀತಿ ಹೇಳಿ ನೋಡಿ, ಮರುದಿನ ಕ್ಲಾಸಿನಲ್ಲಿ ಮೇಷ್ಟ್ರು ಹೇಳುವುದಕ್ಕೆ ಹೋಲಿಸಿಕೊಳ್ಳುತ್ತಿದ್ದೆ. ಹೀಗೆ ಎರಡು ವರ್ಷ. ನಾನು ಉಪನ್ಯಾಸಕಿಯಾದದ್ದು ಆ ಭಟ್ಟಿಯ ಸದ್ದಿನಿಂದ ಅಂದರೆ ತಪ್ಪಿಲ್ಲ.

ಇನ್ನು ಕಹಿ. ನಾನು ಕೆಲಸಕ್ಕೆ ಸೇರಿದ ಹೊಸತು. ನನ್ನ ಹಾಗೆಯೇ ಕನ್ನಡ ಮಾಧ್ಯಮದಿಂದ ಬಂದ ಒಬ್ಬಳು ಹುಡುಗಿ ಪುಸ್ತಕ ಓದಲು ಎದ್ದು ನಿಂತಳು. ಸೈಟೋಪ್ಲಾಸಂ ಅನ್ನುವುದನ್ನು "ಕೈಟೋಪ್ಲಾಸಂ" ಅಂದಳು. ನಾನು, "ಹಾಗಾದರೆ ಕೈಯಲ್ಲೇ ಇಟ್ಕೊ ಅದನ್ನ" ಅಂದೆ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅವಳು ಕೂತಳು. ಆ ವರ್ಷ ಮತ್ತೆಂದೂ ನನ್ನ ಕ್ಲಾಸಿನಲ್ಲಿ ಬಾಯಿ ತೆರೆಯಲಿಲ್ಲ. ಪರೀಕ್ಷೆಯಲ್ಲಿ ಫೇಲಾದಳು, ಮತ್ತೆ ಕಟ್ಟಲಿಲ್ಲ. ಎಷ್ಟೋ ವರ್ಷದ ಮೇಲೆ ಹರಿಹರದ ಬಸ್ ನಿಲ್ದಾಣದಲ್ಲಿ ಸಿಕ್ಕಳು. "ಮೇಡಂ" ಎಂದು ಓಡಿ ಬಂದು ನನ್ನ ಕೈಚೀಲ ಇಸಿದುಕೊಂಡಳು, ಬಸ್ಸಿನಲ್ಲಿ ಸೀಟು ಹಿಡಿದು ಕೂರಿಸಿದಳು. ಆ ದಿನದ ಮಾತು ಅವಳಿಗೆ ನೆನಪಿದೆಯೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ನನಗಂತೂ ನೆನಪಿದೆ.

ಭಟ್ಟಿಯ ಗೋಡೆ ನನಗೆ ಕೊಟ್ಟಿದ್ದನ್ನೇ ನಾನು ಅವಳಿಂದ ಕಿತ್ತುಕೊಂಡಿದ್ದೆ. ಕಲಿಯಬೇಕಾದ ಜಾಗವನ್ನು ವೇದಿಕೆ ಮಾಡಿಬಿಟ್ಟೆ. ಆ ಮೇಲೆ ಅವಳ ಕಿವಿ ಪಾಠದ ಮೇಲೆ ಇರಲಿಲ್ಲ, ನಗುವವರ ಮೇಲೆ ಇತ್ತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮನುಷ್ಯ ಫಿಂಚ್ ಅಲ್ಲ. ಆ ಹಕ್ಕಿ ಜೀವಮಾನಕ್ಕೆ ಒಂದು ಹಾಡು ಕಲಿಯುತ್ತದೆ, ನಮ್ಮ ಮಕ್ಕಳು ನೂರು ವಿಷಯ ಕಲಿಯಬೇಕು. ಹಕ್ಕಿಗೆ ಮೂರು ತಿಂಗಳಿಗೆ ಬಾಗಿಲು ಮುಚ್ಚುತ್ತದೆ, ನಮಗೆ ಮುಚ್ಚುವುದಿಲ್ಲ. ಹಕ್ಕಿಗೆ ಶಾಲೆಯ ಫೀಸಿಲ್ಲ, ಮನೆಯ ಸಾಲವಿಲ್ಲ. ಮಗು ಓದದಿದ್ದರೆ ಡೋಪಮೈನ್ ಕಡಿಮೆ ಎಂದು ಮಾತ್ರೆ ಕೇಳಲು ಹೋಗಬೇಡಿ. ಹಕ್ಕಿಯಿಂದ ನಾವು ತೆಗೆದುಕೊಳ್ಳಬೇಕಾದದ್ದು ಒಂದೇ: ಕಲಿಯುವವರಿಗೆ ಒಳ್ಳೆಯ ಮಾದರಿ ಬೇಕು, ಆಮೇಲೆ ನಾಚಿಕೆಯಿಲ್ಲದೆ ತಪ್ಪುವುದಕ್ಕೆ ಜಾಗ ಬೇಕು. ಇದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹಿಫ್ಜ್ ಮಾಡುವ ಮಕ್ಕಳನ್ನು ನೋಡಿ. ಒಂದೇ ಕೋಣೆಯಲ್ಲಿ ಎಲ್ಲರೂ ಗಟ್ಟಿಯಾಗಿ ಓದುತ್ತಿರುತ್ತಾರೆ, ಆ ಗದ್ದಲದಲ್ಲಿ ಯಾರ ತಪ್ಪೂ ಎದ್ದು ಕಾಣುವುದಿಲ್ಲ. ತನಗೆ ಬಂತು ಅನಿಸಿದ ಮೇಲೆ ಉಸ್ತಾದರ ಮುಂದೆ ಕೂತು ಒಪ್ಪಿಸುತ್ತಾರೆ.

ತಾಯಂದಿರಿಗೆ ಒಂದು ಮಾತು. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಹಾಡನ್ನು ಬರೀ ಸ್ಪೀಕರಿನಿಂದ ಕೇಳಿದ ಮರಿಗಳಿಗಿಂತ ಜೀವಂತ ಹಿರಿಯ ಹಕ್ಕಿಯ ಜೊತೆಗಿದ್ದು ಕೇಳಿದ ಮರಿಗಳು ಚೆನ್ನಾಗಿ ಕಲಿತವು. ಹಿರಿಯ ಹಕ್ಕಿ ಮರಿಯ ಎದುರು ಹಾಡುವಾಗ, ನಾವು ಕೂಸಿನೊಡನೆ ಮಾತಾಡುವ ಹಾಗೆ, ಹಾಡುವ ಬಗೆಯನ್ನೇ ಬದಲಿಸಿಕೊಳ್ಳುತ್ತದೆ. "ನಮಗೆ ಓದು ಬರಲ್ಲ ಮೇಡಂ, ಮಗನಿಗೆ ಮೊಬೈಲು ಕೊಡಿಸಿದ್ದೀವಿ, ಅದರಲ್ಲೇ ಪಾಠ ಬರ್ತದೆ" ಎನ್ನುವವರಿದ್ದಾರೆ. ಮೊಬೈಲಿನಲ್ಲಿ ಒಳ್ಳೆಯ ಪಾಠಗಳಿವೆ, ಬೇಡವೆನ್ನುವುದಿಲ್ಲ. ಆದರೆ ರಾತ್ರಿ ರೊಟ್ಟಿ ತಟ್ಟುವಾಗ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ಇವತ್ತು ಏನು ಕಲಿತೆ, ನನಗೆ ಹೇಳಿಕೊಡು" ಅನ್ನಿ. ನಿಮಗೆ ಓದು ಬರದಿರುವುದೇ ಅಲ್ಲಿ ಅನುಕೂಲ. ನಿಮ್ಮ ಎದುರು ತಪ್ಪಿದರೆ ಅವಳಿಗೆ ನಾಚಿಕೆಯಿಲ್ಲ.

ಕೊನೆಯದಾಗಿ ಟ್ರಸ್ಟ್‌ನ ಹಿರಿಯರಲ್ಲಿ ಮತ್ತು ದಾನಿಗಳಲ್ಲಿ ಮೂರು ಬೇಡಿಕೆ. ನಿಮ್ಮ ಹಣ, ನಿಮ್ಮ ತೀರ್ಮಾನ. ಕೇಳುವುದು ನನ್ನ ಕೆಲಸ.

ಮೊದಲನೆಯದು. ಒಂದು ವಿಷಯದಲ್ಲಿ ಫೇಲಾದ ಮಗುವಿನ ನವೀಕರಣ ಅರ್ಜಿಯನ್ನು ಕೂಡಲೇ ಬದಿಗಿಡಬೇಡಿ. ನಮ್ಮ ಸರ್ಕಾರವೇ 2023-24ನೇ ಸಾಲಿನಿಂದ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಇಟ್ಟಿತು. ಸರ್ಕಾರ ಒಂದಕ್ಕಿಂತ ಹೆಚ್ಚು ಸಲ ಬಾಗಿಲು ತೆರೆಯುವಾಗ ನಾವು ಒಂದೇ ಸಲಕ್ಕೆ ಮುಚ್ಚುವುದು ಸರಿಯಲ್ಲ. ಶೇಕಡಾ ಇಷ್ಟು ಇರಲೇಬೇಕು ಎನ್ನುವ ಗೆರೆಯ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ಕಳೆದ ವರ್ಷಕ್ಕಿಂತ ಎಷ್ಟು ಮೇಲೆ ಬಂದಿದ್ದಾನೆ? ಇಪ್ಪತ್ತೆರಡರಿಂದ ನಲವತ್ತಕ್ಕೆ ಬಂದ ಹುಡುಗ ಮಾಡಿದ ಕೆಲಸ, ತೊಂಬತ್ತರಲ್ಲೇ ನಿಂತವನ ಕೆಲಸಕ್ಕಿಂತ ಕಡಿಮೆಯಲ್ಲ.

ಎರಡನೆಯದು. ಚೆಕ್ಕಿನ ಜೊತೆಗೆ ಒಂದು ಕೋಣೆ ಕೊಡಿ. ದಾವಣಗೆರೆಯಲ್ಲೊಂದು, ಹರಿಹರದಲ್ಲೊಂದು. ಮಗ್ರಿಬ್ ನಮಾಜಿನಿಂದ ರಾತ್ರಿ ಒಂಬತ್ತರವರೆಗೆ ದೀಪ, ಫ್ಯಾನು, ಚಾಪೆ, ಕೇಳಿದರೆ ಹೇಳಿಕೊಡುವ ಒಬ್ಬರು ದೊಡ್ಡವರು. ಹೆಣ್ಣುಮಕ್ಕಳಿಗೆ ಅನುಕೂಲವಾಗುವ ಜಾಗದಲ್ಲಿರಲಿ. ಒಂದೇ ಕೋಣೆಯ ಮನೆಯಲ್ಲಿ ಆರು ಜನರ ನಡುವೆ ಓದುವ ಮಗುವಿಗೆ ಇದು ಸಣ್ಣ ಸಹಾಯವಲ್ಲ. ಆ ಕೋಣೆಯ ಗೋಡೆಗೆ ರ‍್ಯಾಂಕ್ ಪಟ್ಟಿ ಅಂಟಿಸಬೇಡಿ. ವಾರಕ್ಕೆರಡು ಸಂಜೆ ನಾನು ಬಂದು ಕೂರುತ್ತೇನೆ.

ಮೂರನೆಯದು ಖರ್ಚಿಲ್ಲದ್ದು. ಇನ್ನು ಸ್ವಲ್ಪ ಹೊತ್ತಿನಲ್ಲಿ ಮಕ್ಕಳು ಒಬ್ಬೊಬ್ಬರಾಗಿ ವೇದಿಕೆಗೆ ಬರುತ್ತಾರೆ. ಚೆಕ್ ಕೊಡುವಾಗ ಮೈಕಿನ ಮುಂದೆ "ಎಷ್ಟು ಮಾರ್ಕ್ಸು?" ಎಂದು ಕೇಳಬೇಡಿ. ಕೇಳಲೇಬೇಕೆಂದರೆ, "ಈ ವರ್ಷ ಯಾವುದು ಕಷ್ಟ ಆಯ್ತಮ್ಮಾ?" ಎಂದು ಮೆಲ್ಲಗೆ ಕೇಳಿ.

ಮಕ್ಕಳೇ, ನಿಮಗೆ ಹೆಚ್ಚು ಹೇಳುವುದಿಲ್ಲ. ಯಾರಿಗೂ ಕೇಳದ ಒಂದು ಜಾಗ ಹುಡುಕಿಕೊಳ್ಳಿ. ಟೆರೇಸ್ ಆಗಬಹುದು, ಹೊಳೆಯ ದಂಡೆ ಆಗಬಹುದು, ಭಟ್ಟಿಯ ಗೋಡೆ ಆಗಬಹುದು. ಅಲ್ಲಿ ಗಟ್ಟಿಯಾಗಿ ಓದಿ, ತಪ್ಪಿ, ಮತ್ತೆ ಓದಿ. ಹೊಸ ಅರ್ಜಿ ಹಾಕುವವರಿಗೆ ನಮೂನೆ ಈ ವರದಿಯ ಕೊನೆಯಲ್ಲಿದೆ. ಕಳೆದ ಸಲ ಫೇಲಾದವರೂ ಹಾಕಿ. ತೀರ್ಮಾನ ಸಮಿತಿಯದು, ಅರ್ಜಿ ಹಾಕುವ ಧೈರ್ಯ ನಿಮ್ಮದು.

ದಾನ ಕೊಟ್ಟ ಕೈಗಳಿಗೂ ಓದುತ್ತಿರುವ ಮಕ್ಕಳಿಗೂ ಅಲ್ಲಾಹನು ಒಳ್ಳೆಯದು ಮಾಡಲಿ.